ಮಾಹಿತಿ ತಂತ್ರಜ್ಞಾನದ ಹೂಡಿಕೆ ಮತ್ತು ಗಿರಣಿಯ ಉತ್ಪಾದಕತೆ: ಬಸವನ ಬಾಗೇವಾಡಿ ಪರಿಸರದ ಸಣ್ಣ ಉದ್ದಿಮೆಗಳನ್ನು ಕುರಿತು ಒಂದು ಅಧ್ಯಯನ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಇಂಡಿ, ಸಿಂದಗಿ ಮತ್ತು ಮುದ್ದೇಬಿಹಾಳ ಭಾಗದ ಉದ್ದಿಮೆಯು ಬಹುಮಟ್ಟಿಗೆ ಹೊಲದ ಬೆಳೆಯನ್ನೇ ಆಶ್ರಯಿಸಿದೆ. ತೊಗರಿಯಿಂದ ಬೇಳೆ, ಹತ್ತಿಯಿಂದ ಅರಳೆ, ಕಬ್ಬಿನಿಂದ ಸಕ್ಕರೆ ತಯಾರಿಸುವ ಘಟಕಗಳೇ ಇಲ್ಲಿನ ಪ್ರಮುಖ ಉತ್ಪಾದನಾ ಕೇಂದ್ರಗಳು. ಈ ಘಟಕಗಳ ಕಚೇರಿಗೆ ಕಂಪ್ಯೂಟರನ್ನು ಕರೆತಂದದ್ದು ಮುಖ್ಯವಾಗಿ ತೆರಿಗೆಯ ಕಾನೂನು. 2005ರ ಏಪ್ರಿಲ್ 1ರಂದು ರಾಜ್ಯದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆಯೂ, 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಪದ್ಧತಿಯೂ ಬಂದವು. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಾರ್ಷಿಕ ವಹಿವಾಟು ಇರುವವರು ವರ್ತಕರ ನಡುವಿನ ಮಾರಾಟಕ್ಕೆ ಇ-ಇನ್‌ವಾಯ್ಸ್ ತಯಾರಿಸುವುದು ಕಡ್ಡಾಯವಾಯಿತು.

ಹೀಗೆ ಕಂಪ್ಯೂಟರ್ ಇಲ್ಲದೆ ವ್ಯಾಪಾರ ಸಾಗದ ಸ್ಥಿತಿ ಒದಗಿದೆ. ಆದರೆ ತೆರಿಗೆಯ ಪತ್ರ ಸಲ್ಲಿಸಲು ಮಾಡಿದ ಖರ್ಚಿನಿಂದ ಗಿರಣಿಯ ಉತ್ಪನ್ನ ಒಂದು ಕಿಲೋ ಸಹ ಹೆಚ್ಚುವುದಿಲ್ಲ. ಮಾಹಿತಿ ತಂತ್ರಜ್ಞಾನಕ್ಕೆ ಹಾಕಿದ ಹಣವು ಉತ್ಪಾದಕತೆಯನ್ನು ನಿಜವಾಗಿ ಹೆಚ್ಚಿಸುತ್ತದೆಯೇ? ಹೆಚ್ಚಿಸುವುದಾದರೆ ಯಾವ ಸಂದರ್ಭದಲ್ಲಿ? ಲಕ್ಷಾಂತರ ರೂಪಾಯಿಯ ಸಾಲ ಪಡೆದು ಹೊಸ ಯಂತ್ರ ತರಲು ಯೋಚಿಸುತ್ತಿರುವ ಸಣ್ಣ ಉದ್ಯಮಿಗೆ ಇದು ಕೇವಲ ವಿದ್ವಾಂಸರ ಚರ್ಚೆಯಲ್ಲ.

ಉತ್ಪಾದಕತೆ ಎಂದರೇನು?

ಉಪಯೋಗಿಸಿದ ಕಚ್ಚಾ ಮಾಲು, ದುಡಿಮೆ, ಯಂತ್ರ ಮತ್ತು ವಿದ್ಯುತ್ತಿಗೆ ಹೋಲಿಸಿದಾಗ ದೊರೆತ ಉತ್ಪನ್ನದ ಪ್ರಮಾಣವೇ ಉತ್ಪಾದಕತೆ. ಸಾಮಾನ್ಯವಾಗಿ ಇದನ್ನು ಒಬ್ಬ ಕಾರ್ಮಿಕನಿಗೆ ಎಷ್ಟು ಉತ್ಪನ್ನ ಎಂದು ಅಳೆಯುವುದುಂಟು. ಕೃಷಿ ಉತ್ಪನ್ನ ಸಂಸ್ಕರಣೆಯಲ್ಲಿ ಈ ಅಳತೆಯೊಂದೇ ಸಾಲದು. ಬೇಳೆ ಗಿರಣಿಯ ಒಟ್ಟು ವೆಚ್ಚದಲ್ಲಿ ಅತಿ ದೊಡ್ಡ ಪಾಲು ತೊಗರಿಯ ಖರೀದಿಯದೇ ಆಗಿರುತ್ತದೆ. ನಾಲ್ಕು ಜನ ಹಮಾಲರ ಕೂಲಿ ಉಳಿಸಿದ ಯಂತ್ರವು ಬೇಳೆಯ ಇಳುವರಿಯನ್ನು ಶೇ. 1ರಷ್ಟು ಇಳಿಸಿದರೆ ಗಿರಣಿಗೆ ಒಟ್ಟಿನಲ್ಲಿ ನಷ್ಟವೇ ಸರಿ. ಆದುದರಿಂದ ಇಲ್ಲಿ ಮೊದಲು ಅಳೆಯಬೇಕಾದದ್ದು ನೂರು ಕಿಲೋ ಕಾಳಿಗೆ ದೊರೆತ ಒಳ್ಳೆಯ ಬೇಳೆಯ ತೂಕವನ್ನು. ಕೂಲಿ, ವಿದ್ಯುತ್ತು ಮತ್ತು ಬಂಡವಾಳ ತಿರುಗುವ ವೇಗ ಆಮೇಲಿನ ಮಾತು.

ಹೊರ ದೇಶಗಳ ಅನುಭವ

ಕಂಪ್ಯೂಟರ್ ಯುಗ ಎಲ್ಲೆಡೆ ಕಾಣುತ್ತಿದ್ದರೂ ಉತ್ಪಾದಕತೆಯ ಅಂಕಿ-ಅಂಶಗಳಲ್ಲಿ ಮಾತ್ರ ಅದರ ಸುಳಿವಿಲ್ಲ ಎಂಬ ಅರ್ಥದ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಹೇಳಿದರು. ಅದೇ ವರ್ಷ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಅವರು ಎತ್ತಿದ ಈ ಸಂದೇಹವು ಮುಂದಿನ ಅನೇಕ ಸಂಶೋಧನೆಗಳಿಗೆ ಮೂಲವಾಯಿತು.

ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಇದಕ್ಕೆ ವಿದ್ಯುತ್ತಿನ ಇತಿಹಾಸದಿಂದ ಉತ್ತರ ಹುಡುಕಿದರು. ನ್ಯೂಯಾರ್ಕಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಆರಂಭವಾದದ್ದು 1882ರಲ್ಲಿ. ಆದರೆ ಅಮೆರಿಕದ ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ನಡುವಿನ ಕಾಲದಲ್ಲಿ ಅನೇಕ ಮಾಲೀಕರು ಉಗಿ ಎಂಜಿನ್ನಿನ ಜಾಗದಲ್ಲಿ ಒಂದು ದೊಡ್ಡ ಮೋಟಾರು ಇಟ್ಟು, ಅದೇ ಉದ್ದನೆಯ ಶಾಫ್ಟು ಮತ್ತು ಬೆಲ್ಟುಗಳಿಂದಲೇ ಎಲ್ಲ ಯಂತ್ರಗಳನ್ನು ತಿರುಗಿಸುತ್ತಿದ್ದರು. ಪ್ರತಿ ಯಂತ್ರಕ್ಕೂ ಪ್ರತ್ಯೇಕ ಮೋಟಾರು ಬಂದು, ಕೆಲಸದ ಸರಣಿಗೆ ತಕ್ಕಂತೆ ಕಾರ್ಖಾನೆಯ ಒಳವಿನ್ಯಾಸ ಬದಲಾದ ಮೇಲೆಯೇ ವಿದ್ಯುತ್ತಿನ ಪೂರ್ಣ ಫಲ ದೊರೆಯಿತು.

ಕಂಪ್ಯೂಟರಿನ ವಿಷಯದಲ್ಲೂ ಹೀಗೆಯೇ ಆಯಿತು. ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಲೋರಿನ್ ಹಿಟ್ ಅವರು 1987ರಿಂದ 1991ರ ಅವಧಿಯ 367 ದೊಡ್ಡ ಸಂಸ್ಥೆಗಳ ಲೆಕ್ಕವನ್ನು ಪರಿಶೀಲಿಸಿ, ಕಂಪ್ಯೂಟರಿನ ಹೂಡಿಕೆಗೆ ಉತ್ತಮ ಪ್ರತಿಫಲವಿದೆ ಎಂದು 1996ರಲ್ಲಿ ತೋರಿಸಿದರು. 2003ರ ಅವರ ಇನ್ನೊಂದು ಅಧ್ಯಯನದ ಪ್ರಕಾರ ಐದರಿಂದ ಏಳು ವರ್ಷಗಳ ಅವಧಿಯಲ್ಲಿ ಕಾಣುವ ಫಲವು ಅಲ್ಪಾವಧಿಯ ಫಲದ ಐದು ಪಟ್ಟಿನವರೆಗೂ ಇರಬಲ್ಲದು. ಕೆಲಸದ ಪದ್ಧತಿ, ಸಿಬ್ಬಂದಿಯ ತರಬೇತಿ ಮತ್ತು ನಿರ್ಧಾರ ಕೈಗೊಳ್ಳುವ ಕ್ರಮ ಬದಲಾಗಲು ಅಷ್ಟು ಕಾಲ ಬೇಕಾಗುತ್ತದೆ ಎಂಬುದೇ ಇದರ ವಿವರಣೆ. ಅಮೆರಿಕದ ವಾಲ್ವ್ ತಯಾರಿಕಾ ಘಟಕಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ಸಿದ್ಧತೆಯ ಸಮಯ, ತಯಾರಿಕೆಯ ಸಮಯ ಮತ್ತು ತಪಾಸಣೆಯ ಸಮಯ ಮೂರೂ ಕಡಿಮೆಯಾದುದನ್ನು ಗುರುತಿಸಿತು. ಜೊತೆಗೆ ಕೆಲಸಗಾರನಿಂದ ನಿರೀಕ್ಷಿಸುವ ಕೌಶಲ್ಯವೂ ಹೆಚ್ಚಿತು.

ಭಾರತದ ಎರಡು ಅಧ್ಯಯನಗಳು

ಈ ನಿಷ್ಕರ್ಷೆಗಳು ಶ್ರೀಮಂತ ದೇಶಗಳಿಗೆ ಮಾತ್ರ ಅನ್ವಯಿಸುತ್ತವೆ ಎಂದು ಭಾವಿಸಬೇಕಾಗಿಲ್ಲ. ಭಾರತ ಮತ್ತು ಬ್ರೆಜಿಲ್ ದೇಶಗಳ ಸುಮಾರು ಒಂದು ಸಾವಿರ ಉತ್ಪಾದನಾ ಸಂಸ್ಥೆಗಳನ್ನು ಆಧರಿಸಿ ಸೈಮನ್ ಕಮಾಂಡರ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಪ್ರಬಂಧ 2011ರಲ್ಲಿ ಪ್ರಕಟವಾಯಿತು. ಎರಡೂ ದೇಶಗಳಲ್ಲಿ ಮಾಹಿತಿ ತಂತ್ರಜ್ಞಾನದ ಬಂಡವಾಳಕ್ಕೂ ಉತ್ಪಾದಕತೆಗೂ ಬಲವಾದ ಸಂಬಂಧವಿರುವುದು ಅದರಲ್ಲಿ ಕಂಡುಬಂದಿತು. ಭಾರತದ ರಾಜ್ಯಗಳನ್ನು ಹೋಲಿಸಿದಾಗ, ಮೂಲಸೌಕರ್ಯ ದುರ್ಬಲವಾಗಿರುವೆಡೆ ಇಂತಹ ಹೂಡಿಕೆಯೂ ಕಡಿಮೆ, ಅದರ ಪ್ರತಿಫಲವೂ ಕಡಿಮೆ ಎಂಬ ಅಂಶ ಹೊರಬಿದ್ದಿತು.

ಎರಡನೆಯದು ಮುಂಬಯಿ ಸಮೀಪದ ತಾರಾಪುರ ಮತ್ತು ಉಂಬರಗಾಂವ ಭಾಗದ 17 ಜವಳಿ ಸಂಸ್ಥೆಗಳ 28 ಘಟಕಗಳಲ್ಲಿ ನಡೆದ ಪ್ರಯೋಗ. ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಇದರ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಅಲ್ಲಿನ ಗಿರಣಿಗಳಲ್ಲಿ ಬಟ್ಟೆಯ ದೋಷಗಳನ್ನು ಕ್ರಮವಾಗಿ ದಾಖಲಿಸುವ ಪದ್ಧತಿ ಇರಲಿಲ್ಲ. ಉಗ್ರಾಣದಲ್ಲಿದ್ದ ನೂಲಿನ ಲೆಕ್ಕ ಅಸ್ಪಷ್ಟವಾಗಿತ್ತು. ಯಂತ್ರ ನಿಂತ ಕಾರಣವನ್ನು ಯಾರೂ ಬರೆದಿಡುತ್ತಿರಲಿಲ್ಲ. ಆಯ್ದ ಘಟಕಗಳಿಗೆ ಕೆಲವು ತಿಂಗಳ ಕಾಲ ಸಲಹೆಗಾರರನ್ನು ಉಚಿತವಾಗಿ ಒದಗಿಸಿ ದೋಷ, ದಾಸ್ತಾನು ಮತ್ತು ಯಂತ್ರದ ನಿಲುಗಡೆಯನ್ನು ದಿನವೂ ದಾಖಲಿಸಿ ಚರ್ಚಿಸುವ ಪದ್ಧತಿಯನ್ನು ರೂಢಿಗೆ ತರಲಾಯಿತು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಹೆಚ್ಚಿತು. ಹೊಸ ಮಗ್ಗಗಳಿಂದ ಬಂದ ಲಾಭವಲ್ಲ ಇದು. ಇದ್ದ ಯಂತ್ರಗಳ ಮಾಹಿತಿಯನ್ನು ಸಂಗ್ರಹಿಸಿ ಅದರ ಮೇಲೆ ಕ್ರಮ ಕೈಗೊಂಡದ್ದೇ ಇದಕ್ಕೆ ಕಾರಣ. ಮಾಲೀಕರು ಈ ಕೆಲಸವನ್ನು ಮೊದಲೇ ಏಕೆ ಮಾಡಿರಲಿಲ್ಲ ಎಂದು ವಿಚಾರಿಸಿದಾಗ, ತಮ್ಮ ಗುಣಮಟ್ಟ ಇತರರಷ್ಟೇ ಇದೆ, ಬದಲಾವಣೆಯಿಂದ ವಿಶೇಷ ಲಾಭವಿಲ್ಲ ಎಂಬ ನಂಬಿಕೆಯೇ ಮುಖ್ಯ ಅಡಚಣೆಯಾಗಿದ್ದುದು ತಿಳಿದುಬಂದಿತು.

ಮಾರುಕಟ್ಟೆಯ ಗಣಕೀಕರಣದಿಂದ ಕಲಿಯಬೇಕಾದ ಪಾಠ

ಕರ್ನಾಟಕದ ಗಿರಣಿ ಮಾಲೀಕರು ಮಾಹಿತಿ ತಂತ್ರಜ್ಞಾನದ ಪ್ರಭಾವವನ್ನು ಪ್ರತ್ಯಕ್ಷವಾಗಿ ಕಂಡದ್ದು ಎಪಿಎಂಸಿ ಪ್ರಾಂಗಣದಲ್ಲಿ. 2014ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಪಾಲುದಾರಿಕೆಯ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಸಂಸ್ಥೆ ರೂಪಿಸಿತು. ಅಡತಿ ಅಂಗಡಿಯ ಮುಂದಿನ ಪ್ರತಿ ಲಾಟಿಗೂ ಕ್ರಮಸಂಖ್ಯೆ ದೊರೆತು, ವರ್ತಕರು ಕಂಪ್ಯೂಟರ್ ಮೂಲಕ ಟೆಂಡರ್ ಹಾಕುವ ಪದ್ಧತಿ ಬಂದಿತು. ಈ ವೇದಿಕೆಯ ಪರಿಣಾಮವನ್ನು ಅಳೆದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ ಭತ್ತದ ಬೆಲೆ ಸರಾಸರಿ ಶೇ. 5.1, ಶೇಂಗಾ ಶೇ. 3.6 ಮತ್ತು ಮೆಕ್ಕೆಜೋಳ ಶೇ. 3.5ರಷ್ಟು ಏರಿದವು. ಎಲ್ಲ ಬೆಳೆಗಳಲ್ಲೂ ಒಂದೇ ಬಗೆಯ ಪರಿಣಾಮ ಕಾಣಲಿಲ್ಲ.

ರೈತನಿಗೆ ಇದು ಸ್ವಾಗತಾರ್ಹ. ಗಿರಣಿ ಮಾಲೀಕನಿಗೆ ಇದರಲ್ಲಿ ಬೇರೊಂದು ಸೂಚನೆಯಿದೆ. ದೂರದ ಖರೀದಿದಾರನೂ ಅದೇ ಲಾಟಿಗೆ ಬೆಲೆ ಹಾಕಬಲ್ಲವನಾದಾಗ, ಸ್ಥಳೀಯವಾಗಿ ಅಗ್ಗಕ್ಕೆ ಕೊಂಡು ಲಾಭ ಪಡೆಯುವ ಅವಕಾಶ ಕ್ರಮೇಣ ಕ್ಷೀಣಿಸುತ್ತದೆ. ಮಾರುಕಟ್ಟೆಯ ಗಣಕೀಕರಣದ ಲಾಭವು ಎಲ್ಲರಿಗೂ ಹಂಚಿಹೋಗುತ್ತದೆ. ಗಿರಣಿಯೊಳಗೆ ಉಳಿಸಿದ ಕಾಳು ಮಾತ್ರ ಗಿರಣಿಗೇ ಸೇರುತ್ತದೆ.

ಬೇಳೆ ಗಿರಣಿಯ ಒಳಗೆ

ತೊಗರಿಯನ್ನು ಸ್ವಚ್ಛಗೊಳಿಸುವುದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸುವುದು, ರೋಲರಿನಲ್ಲಿ ಗೀರು ಹಾಕುವುದು, ಎಣ್ಣೆ ಅಥವಾ ನೀರು ಸವರಿ ಒಣಗಿಸುವುದು, ಸಿಪ್ಪೆ ತೆಗೆದು ಒಡೆಯುವುದು ಇದು ಸಾಂಪ್ರದಾಯಿಕ ಕ್ರಮ. ಈ ಕ್ರಮದಲ್ಲಿ 100 ಕಿಲೋ ತೊಗರಿಗೆ ಸಾಮಾನ್ಯವಾಗಿ 68ರಿಂದ 75 ಕಿಲೋ ಬೇಳೆ ದೊರೆಯುತ್ತದೆ. ಕಾಳಿನ ರಚನೆಯನ್ನು ನೋಡಿದರೆ 85 ಕಿಲೋಗಿಂತ ಹೆಚ್ಚು ಬೇಳೆ ಅದರಲ್ಲಿದೆ. ಉಳಿದದ್ದು ನುಚ್ಚು, ಚುನ್ನಿ ಮತ್ತು ಹೊಟ್ಟಿನ ಜೊತೆಯ ಪುಡಿಯಾಗಿ ದನದ ಮೇವಿನ ಬೆಲೆಗೆ ಹೋಗುತ್ತದೆ. ಬಿಸಿ ಗಾಳಿ ಮತ್ತು ತೇವಾಂಶವನ್ನು ಹತೋಟಿಯಲ್ಲಿಟ್ಟು ಇಳುವರಿಯನ್ನು ಶೇ. 80ರ ಆಸುಪಾಸಿಗೆ ಒಯ್ಯಬಹುದೆಂದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ತೋರಿಸಿಕೊಟ್ಟಿದೆ.

ಈ ಅಂತರದಲ್ಲಿಯೇ ಮಾಹಿತಿಯ ಬೆಲೆ ಅಡಗಿದೆ. ತೇವಾಂಶವನ್ನೇ ನೋಡಬಹುದು. ಶೇ. 14 ತೇವಾಂಶವಿರುವ 100 ಕ್ವಿಂಟಲ್ ತೊಗರಿ ಶೇ. 10ಕ್ಕೆ ಒಣಗಿದಾಗ ಉಳಿಯುವುದು ಸುಮಾರು 95.5 ಕ್ವಿಂಟಲ್. ಉಳಿದ ನಾಲ್ಕೂವರೆ ಕ್ವಿಂಟಲ್ ನೀರಿಗೆ ಕಾಳಿನ ಬೆಲೆ ಕೊಟ್ಟಂತಾಯಿತು. ಡಿಜಿಟಲ್ ತೇವಾಂಶ ಮಾಪಕದ ಅಂಕಿಯನ್ನು ಪ್ರತಿ ಲಾಟಿನ ತೂಕದ ಚೀಟಿಯ ಜೊತೆಯಲ್ಲೇ ದಾಖಲಿಸುವ ಗಿರಣಿಗೆ, ಯಾವ ಅಡತಿಯಿಂದ ಬಂದ ಮಾಲು ಎಷ್ಟು ಇಳುವರಿ ಕೊಟ್ಟಿತು ಎಂಬುದು ಒಂದೇ ಹಂಗಾಮಿನಲ್ಲಿ ಸ್ಪಷ್ಟವಾಗುತ್ತದೆ. ಬರೀ ತಿಂಗಳ ಕೊನೆಗೆ ಒಟ್ಟು ಕಾಳು, ಒಟ್ಟು ಬೇಳೆ ಎಂದು ತಾಳೆ ನೋಡುವ ಗಿರಣಿಗೆ, ನಷ್ಟವಾದದ್ದು ತಿಳಿದರೂ ಅದು ಖರೀದಿಯಲ್ಲಾಯಿತೋ ಒಣಗಿಸುವಲ್ಲಾಯಿತೋ ಸವೆದ ರೋಲರಿನಿಂದಾಯಿತೋ ತಿಳಿಯುವುದಿಲ್ಲ.

ಇದಕ್ಕೆ ದುಬಾರಿ ತಂತ್ರಾಂಶ ಬೇಕೆಂದಿಲ್ಲ. 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೊಂದು ರೂಪಿಸಿದ ಟ್ಯಾಲಿ ತಂತ್ರಾಂಶವು ವರ್ತಕರಿಗೆ ಚಿರಪರಿಚಿತ. ಅದರಲ್ಲಿ ಗೋದಾಮುವಾರು ದಾಸ್ತಾನು, ಲಾಟುವಾರು ಲೆಕ್ಕ ಮತ್ತು ಕಚ್ಚಾ ಮಾಲಿನಿಂದ ಉತ್ಪನ್ನ, ಉಪೋತ್ಪನ್ನಗಳನ್ನು ತೋರಿಸುವ ತಯಾರಿಕಾ ಜರ್ನಲ್ ಇವೆಲ್ಲವೂ ಇವೆ. ಬಿಲ್ಲು ಮತ್ತು ತೆರಿಗೆಗೆ ಮಾತ್ರ ಅದನ್ನು ಬಳಸುವ ಘಟಕವು ಹಣ ಕೊಟ್ಟು ಕೊಂಡ ಸೌಲಭ್ಯದ ಅರ್ಧವನ್ನು ಮುಟ್ಟದೆ ಬಿಟ್ಟಂತೆ.

ಒಂದು ಲೆಕ್ಕಾಚಾರ

ಕೆಳಗಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ಪ್ರತಿಯೊಬ್ಬ ಉದ್ಯಮಿಯೂ ಇವುಗಳ ಜಾಗದಲ್ಲಿ ತನ್ನ ಗಿರಣಿಯ ಅಂಕಿಗಳನ್ನು ಹಾಕಿ ನೋಡಬೇಕು. ದಿನಕ್ಕೆ 8 ಟನ್ನಿನಂತೆ ವರ್ಷಕ್ಕೆ 200 ದಿನ ನಡೆಯುವ ಗಿರಣಿಯು 1,600 ಟನ್ ತೊಗರಿಯನ್ನು ಅರೆಯುತ್ತದೆ. ಇಳುವರಿ ಶೇ. 72 ಎಂದಿಟ್ಟರೆ ಬೇಳೆ 1,152 ಟನ್. ಬೇಳೆಗೂ ಚುನ್ನಿಗೂ ಕಿಲೋಗೆ 60 ರೂ. ಬೆಲೆಯ ವ್ಯತ್ಯಾಸವಿದೆ ಎಂದು ಭಾವಿಸೋಣ.

ಲಾಟುವಾರು ದಾಖಲೆಯಿಂದ ದೋಷದ ಮೂಲ ಪತ್ತೆಯಾಗಿ ಇಳುವರಿ ಶೇ. 72ರಿಂದ 73ಕ್ಕೆ ಏರಿದರೆ, ದೊರೆಯುವ ಹೆಚ್ಚುವರಿ ಬೇಳೆ 16,000 ಕಿಲೋ. ವರ್ಷದ ಲಾಭ 9.60 ಲಕ್ಷ ರೂ. ಇದಕ್ಕೆ ತಗಲುವ ವೆಚ್ಚವೆಂದರೆ ಒಂದು ಕಂಪ್ಯೂಟರ್, ತೇವಾಂಶ ಮಾಪಕ, ಎಲೆಕ್ಟ್ರಾನಿಕ್ ಕಾಟಾ ಮತ್ತು ದಿನದ ಲೆಕ್ಕ ಬರೆಯುವ ಒಬ್ಬ ಜವಾಬ್ದಾರಿಯುತ ಸಿಬ್ಬಂದಿ.

ಇನ್ನು ಬಣ್ಣ ವಿಂಗಡಿಸುವ ಯಂತ್ರ. ವರ್ತಕರು ಇದನ್ನು ಸಾರ್ಟೆಕ್ಸ್ ಎಂದೇ ಕರೆಯುತ್ತಾರೆ. ಜಾರುವ ಬೇಳೆಯನ್ನು ಕ್ಯಾಮೆರಾ ನೋಡಿ, ಕಂಪ್ಯೂಟರ್ ನಿರ್ಧರಿಸಿ, ಒತ್ತಡದ ಗಾಳಿಯು ದೋಷದ ಕಾಳನ್ನು ಹೊರಗೆ ಚಿಮ್ಮುತ್ತದೆ. ಯಂತ್ರದ ಬೆಲೆ 24 ಲಕ್ಷ ರೂ. ಎಂದಿಟ್ಟರೆ, ಶೇ. 10ರ ಬಡ್ಡಿ 2.40 ಲಕ್ಷ, ಎಂಟು ವರ್ಷಕ್ಕೆ ಹಂಚಿದ ಸವಕಳಿ 3 ಲಕ್ಷ, ವಿದ್ಯುತ್ತು ಮತ್ತು ದುರಸ್ತಿಗೆ 1.80 ಲಕ್ಷ ಸೇರಿ ವರ್ಷಕ್ಕೆ 7.20 ಲಕ್ಷ ರೂ. ವೆಚ್ಚ. ಅಂದರೆ ಕಿಲೋ ಬೇಳೆಗೆ ಅರವತ್ತೆರಡೂವರೆ ಪೈಸೆ. ವಿಂಗಡಿಸಿದ ಬೇಳೆಗೆ ಕಿಲೋಗೆ ಒಂದು ರೂಪಾಯಿ ಹೆಚ್ಚು ದೊರೆತರೆ ನಿವ್ವಳ ಲಾಭ 4.32 ಲಕ್ಷ ರೂ.

ಆದರೆ ಎರಡು ಅಪಾಯಗಳನ್ನು ಗಮನಿಸಬೇಕು. ಮೊದಲನೆಯದು, ಯಂತ್ರ ಖಾಲಿ ನಿಲ್ಲುವುದು. ಮಳೆ ಕೈಕೊಟ್ಟು ತೊಗರಿ ಆವಕ ಇಳಿದು ಗಿರಣಿ 100 ದಿನ ಮಾತ್ರ ನಡೆದರೆ, ಬಡ್ಡಿ ಮತ್ತು ಸವಕಳಿ ಕಡಿಮೆಯಾಗುವುದಿಲ್ಲ. ಆಗ ವೆಚ್ಚ 6.30 ಲಕ್ಷ, ಹೆಚ್ಚುವರಿ ಆದಾಯ 5.76 ಲಕ್ಷ, 54,000 ರೂ. ನಷ್ಟ. ಎರಡನೆಯದು, ಯಂತ್ರದ ಹೊಂದಾಣಿಕೆ ತಪ್ಪುವುದು. ಗಾಜಿನ ಮೇಲೆ ಧೂಳು ಕುಳಿತೋ ಸೂಕ್ಷ್ಮತೆ ಅತಿಯಾಗಿಯೋ ಶೇ. 1ರಷ್ಟು ಒಳ್ಳೆಯ ಬೇಳೆ ತಿರಸ್ಕೃತ ಮಾಲಿಗೆ ಸೇರಿಹೋದರೆ, ಆ 11,520 ಕಿಲೋಗೆ ಆಗುವ ನಷ್ಟ 6.91 ಲಕ್ಷ ರೂ. ಪೂರ್ಣ 200 ದಿನ ನಡೆದ ಗಿರಣಿಗೂ 4.32 ಲಕ್ಷದ ಲಾಭ ಹೋಗಿ ಎರಡೂವರೆ ಲಕ್ಷಕ್ಕೂ ಮೀರಿದ ನಷ್ಟ ಉಳಿಯುತ್ತದೆ. ತಿರಸ್ಕೃತ ಮಾಲನ್ನು ಪ್ರತಿ ಪಾಳಿಯಲ್ಲೂ ತೂಗಿ, ಹಿಡಿ ಕಾಳು ತೆಗೆದು ಪರೀಕ್ಷಿಸಿ, ಅಗತ್ಯವಿದ್ದರೆ ಮತ್ತೊಮ್ಮೆ ಯಂತ್ರಕ್ಕೆ ಹಾಯಿಸುವವನೇ ಈ ನಷ್ಟವನ್ನು ತಡೆಯಬಲ್ಲ. ಅದೇ ಯಂತ್ರ ಒಂದು ಗಿರಣಿಗೆ ಲಾಭವನ್ನೂ ನೆರೆಯ ಗಿರಣಿಗೆ ಸಾಲವನ್ನೂ ತರುವುದು ಹೀಗೆ.

ಹತ್ತಿ ಮತ್ತು ಸಕ್ಕರೆ

ಹತ್ತಿ ಜಿನ್ನಿಂಗ್ ಉದ್ದಿಮೆಯ ಆಧುನೀಕರಣಕ್ಕೆ 2000ನೇ ಇಸವಿಯಲ್ಲಿ ಪ್ರಾರಂಭವಾದ ಹತ್ತಿ ತಂತ್ರಜ್ಞಾನ ಮಿಷನ್ ಚಾಲನೆ ನೀಡಿತು. ಅಂದಿನ ಒತ್ತು ಯಂತ್ರ ಮತ್ತು ಸ್ವಚ್ಛತೆಯ ಮೇಲಿತ್ತು. ಈಗ 170 ಕಿಲೋ ಅಂಡಿಗೆಯ ಜೊತೆಗೆ ಅದರ ವಿವರವೂ ಪ್ರಯಾಣ ಮಾಡಬೇಕಾಗಿದೆ. ಭಾರತೀಯ ಹತ್ತಿ ನಿಗಮವು ತನ್ನ ಅಂಡಿಗೆಗಳಿಗೆ ಕ್ಯೂಆರ್ ಗುರುತನ್ನು ಅಳವಡಿಸಿದೆ. ಎಳೆಯ ಉದ್ದ, ಕಸ ಮತ್ತು ತೇವಾಂಶವನ್ನು ಅಂಡಿಗೆವಾರು ತೋರಿಸಬಲ್ಲ ಜಿನ್ನಿಂಗ್ ಘಟಕಕ್ಕೆ ನೂಲಿನ ಗಿರಣಿಯೊಡನೆ ಬೆಲೆಯ ಮಾತು ಆಡಲು ಆಧಾರ ದೊರೆಯುತ್ತದೆ.

ಸಕ್ಕರೆ ಕಾರ್ಖಾನೆಗಳಲ್ಲಿ ಇಳುವರಿಯ ಲೆಕ್ಕ ಇನ್ನೂ ಸೂಕ್ಷ್ಮ. 2025–26ರ ಹಂಗಾಮಿಗೆ ಕೇಂದ್ರವು ನಿಗದಿಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ದರವು ಶೇ. 10.25ರ ಇಳುವರಿಗೆ ಕ್ವಿಂಟಲ್ಲಿಗೆ 355 ರೂ. ಕಡಿದ ಕಬ್ಬು ಗಾಣಕ್ಕೆ ಬರುವುದು ತಡವಾದಷ್ಟೂ ಸಕ್ಕರೆಯ ಅಂಶ ಇಳಿಯುತ್ತದೆ. ಕಟಾವಿನ ಸರದಿ, ವಾಹನದ ಆಗಮನ ಮತ್ತು ತೂಕವನ್ನು ಒಂದೇ ಸರಪಳಿಯಲ್ಲಿ ದಾಖಲಿಸುವುದರಿಂದ ಕಾರ್ಖಾನೆಗೆ ಇಳುವರಿ, ರೈತನಿಗೆ ವಿಶ್ವಾಸ ಎರಡೂ ದೊರೆಯುತ್ತವೆ.

ಹೂಡಿಕೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಮೊದಲು ಒಂದು ಹಂಗಾಮಿನ ದಾಖಲೆ. ಲಾಟುವಾರು ತೂಕ, ತೇವಾಂಶ, ಬೇಳೆ, ನುಚ್ಚು, ಚುನ್ನಿ, ವಿದ್ಯುತ್ ಯೂನಿಟ್ ಮತ್ತು ಯಂತ್ರ ನಿಂತ ವೇಳೆಯನ್ನು ಬರೆಯಬೇಕು. ವಹಿಯಲ್ಲಿ ಬರೆದರೂ ಸರಿಯೇ. ನಷ್ಟ ಎಲ್ಲಿದೆ ಎಂದು ತಿಳಿಯದೆ ಯಂತ್ರ ಕೊಳ್ಳಬಾರದು.

2. ವಿದ್ಯುತ್ತಿನ ಗುಣಮಟ್ಟ. ಹಿಂದಿನ ಅವಿಭಜಿತ ಬಸವನ ಬಾಗೇವಾಡಿ ತಾಲೂಕಿನಲ್ಲೇ ಆಲಮಟ್ಟಿಯ ಜಲವಿದ್ಯುತ್ ಕೇಂದ್ರವೂ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ಸ್ಥಾವರವೂ ಇವೆ. ಆದರೆ ಸ್ಥಾವರ ಹತ್ತಿರವಿದ್ದ ಮಾತ್ರಕ್ಕೆ ಗಿರಣಿಯ ತಂತಿಯಲ್ಲಿ ವೋಲ್ಟೇಜ್ ಸ್ಥಿರವಾಗಿರುತ್ತದೆ ಎಂದಲ್ಲ. ಸ್ಟೆಬಿಲೈಸರ್, ಯುಪಿಎಸ್, ಒಣ ಗಾಳಿಯ ಕಂಪ್ರೆಸರ್ ಮತ್ತು ಧೂಳು ರಹಿತ ಕೊಠಡಿಯ ವೆಚ್ಚವನ್ನು ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

3. ಇಬ್ಬರಿಗೆ ತರಬೇತಿ. ಯಂತ್ರದ ಹೊಂದಾಣಿಕೆ ಒಬ್ಬನಿಗೆ ಮಾತ್ರ ಗೊತ್ತಿದ್ದರೆ, ಅವನು ರಜೆ ಹಾಕಿದ ದಿನ ಹೂಡಿಕೆಯೂ ರಜೆ ಹಾಕುತ್ತದೆ. ಒಬ್ಬ ಹಳೆಯ ಮಿಸ್ತ್ರಿಯ ಜೊತೆಗೆ ಐಟಿಐ ಕಲಿತ ಒಬ್ಬ ಯುವಕನನ್ನು ಸಿದ್ಧಪಡಿಸುವುದು ಸೂಕ್ತ.

4. ಅಂಕಿಯ ಮೇಲೆ ಅಧಿಕಾರ. ದಿವಾಣಜಿ ಬರೆದ ಅಂಕಿ ಮಾಲೀಕನ ಮೇಜಿನ ಮೇಲೆ ಉಳಿದರೆ ಫಲವಿಲ್ಲ. ಇಳುವರಿ ಕುಸಿದ ದಿನವೇ ಯಂತ್ರ ನಿಲ್ಲಿಸಿ ರೋಲರ್ ಪರೀಕ್ಷಿಸುವ ಅಧಿಕಾರ ಮಿಸ್ತ್ರಿಗೆ ಇರಬೇಕು. ಕಡಿಮೆ ಇಳುವರಿ ಬರೆದವನಿಗೆ ಬೈಗುಳ ಸಿಕ್ಕುವ ಗಿರಣಿಯಲ್ಲಿ ಬೇಗನೆ ಸುಳ್ಳು ಅಂಕಿ ತುಂಬಿಕೊಳ್ಳುತ್ತದೆ.

5. ಕೂಡಿ ಬಳಸುವ ಸಾಧ್ಯತೆ. ಒಂದೇ ಗಿರಣಿಯ ಮಾಲಿನಿಂದ ಸಾರ್ಟೆಕ್ಸ್ ತುಂಬಿ ನಡೆಯುವುದಿಲ್ಲವೆಂದಾದರೆ, ಇತರರ ಬೇಳೆಯನ್ನು ಕೂಲಿಗೆ ವಿಂಗಡಿಸಿ ಕೊಡುವ ಅಥವಾ ಎರಡು ಮೂರು ಗಿರಣಿಗಳು ಸೇರಿ ಹೂಡುವ ಯೋಚನೆ ಮಾಡಬೇಕು.

6. ಸರ್ಕಾರದ ನೆರವು. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಎಂಎಸ್ಎಂಇ ಸ್ಪರ್ಧಾತ್ಮಕ ಲೀನ್ ಯೋಜನೆಯು ವ್ಯರ್ಥವನ್ನು ತಗ್ಗಿಸುವ ಪದ್ಧತಿಗಳ ಸಲಹಾ ವೆಚ್ಚದ ಶೇ. 90ರಷ್ಟನ್ನು ಭರಿಸುವ ಉದ್ದೇಶದಿಂದ ರೂಪುಗೊಂಡಿದೆ. ಅರ್ಜಿ ಸಲ್ಲಿಸುವ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಚಾಲ್ತಿಯಲ್ಲಿರುವ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ಸಾರಾಂಶ

ಮಾಹಿತಿ ತಂತ್ರಜ್ಞಾನದ ಹೂಡಿಕೆಯು ಉತ್ಪಾದಕತೆಯನ್ನು ಹೆಚ್ಚಿಸಬಲ್ಲದು ಎಂಬುದಕ್ಕೆ ದೇಶ ವಿದೇಶಗಳ ಅಧ್ಯಯನಗಳು ಸಾಕಷ್ಟು ಆಧಾರ ಒದಗಿಸಿವೆ. ಆದರೆ ನಷ್ಟವಾಗುವ ಜಾಗಕ್ಕೆ ಸರಿಯಾಗಿ ಅದನ್ನು ನೆಟ್ಟಾಗ ಮತ್ತು ಕೆಲಸದ ಕ್ರಮವೂ ಅದರೊಡನೆ ಬದಲಾದಾಗ ಮಾತ್ರ ಆ ಫಲ ಕೈಸೇರುತ್ತದೆ. ಸಣ್ಣ ಗಿರಣಿಗೆ ಅನುಕೂಲವಾದ ಕ್ರಮವೆಂದರೆ ಮೊದಲು ಅಳತೆ, ಆಮೇಲೆ ತಿದ್ದುಪಡಿ, ಕೊನೆಗೆ ದೊಡ್ಡ ಯಂತ್ರ. ಈ ಸರದಿ ತಲೆಕೆಳಗಾದರೆ ಸಾಲದ ಕಂತು ಮೊದಲು ಬರುತ್ತದೆ, ಲಾಭ ಹಿಂದೆ ಉಳಿಯುತ್ತದೆ.

ಕಲ್ಯಾಣದ ಭಂಡಾರದ ಹೊಣೆ ಹೊತ್ತ ಬಸವಣ್ಣನವರು ಹುಟ್ಟಿದ ಊರಿನ ವರ್ತಕರಿಗೆ ಲೆಕ್ಕದ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ರೋಜುಕಿರ್ದಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಕುಳಿತು ಹುಡುಕುವ ಪರಂಪರೆ ಈ ಪೇಟೆಗಳಿಗಿದೆ. ಅದೇ ಎಚ್ಚರವನ್ನು ಕಾಳಿನ ಲೆಕ್ಕಕ್ಕೂ ವಿಸ್ತರಿಸಿದರೆ, ಬರುವ ಹಂಗಾಮಿನಲ್ಲಿ ಮೊದಲ ಲಾಟು ಗಿರಣಿಯ ಬಾಗಿಲಿಗೆ ಬಂದಾಗ ಅದರ ಚೀಟಿಯ ಮೇಲೆ ತೂಕದ ಪಕ್ಕದಲ್ಲಿ ತೇವಾಂಶದ ಅಂಕಿಯೂ ಇರುತ್ತದೆ. ಹೆಚ್ಚು ಖರ್ಚಿಲ್ಲದ ಆ ಒಂದು ಅಂಕಿಯಿಂದಲೇ ಕೆಲಸವನ್ನು ಆರಂಭಿಸಬಹುದು.